ಬಣ್ಣ ಹಚ್ಚಿದವರು ಯಾರು?

ನಾಟಕದಲ್ಲಾಗಲಿ ಸಿನಿಮಾದಲ್ಲಾಗಲಿ ಅಭಿನಯಿಸುವುದಕ್ಕೆ ನಮ್ಮಲ್ಲಿ ‘ಬಣ್ಣ ಹಚ್ಚುವುದು’ ಎಂಬ ಮಾತುಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಪಕ್ಕದ ಗುಬ್ಬಿಯ ಕಂಪನಿ ನಾಟಕದ ನೆನಪು ಇನ್ನೂ ಪೂರ್ತಿ ಮಾಸಿಲ್ಲದ ಈ ನೆಲದಲ್ಲಿ, ಈ ಮಾತಿಗೆ ವಿಶೇಷವಾದ ಗೌರವವಿದೆ. ಆದರೆ ಯಾರ ಬಣ್ಣವನ್ನು ಯಾರು ಹಚ್ಚಿಕೊಂಡರು ಎಂದು ಕೇಳಿದೊಡನೆ ಈ ಸರಳವಾದ ಮಾತು ತೊಡಕಿನದಾಗುತ್ತದೆ. ಇಂದು ಆ ತೊಡಕಿನ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದವರು ಅಮೆರಿಕದ ಕಪ್ಪು ಜನ. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಿ ಚಿತ್ರವನ್ನು ತೆಗೆದನು. ಚಿತ್ರಕಲೆಯ ತಂತ್ರದಲ್ಲಿ ಅದೊಂದು ಮೈಲಿಗಲ್ಲು. ಆದರೆ ಅದರ ಮುಖ್ಯ ಕಪ್ಪು ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ವಹಿಸಿದ್ದರು. ಆ ಪಾತ್ರಗಳೋ ಕ್ರೂರಿಗಳು ಇಲ್ಲವೆ ಮೂರ್ಖರು. ಇದಕ್ಕೆ ಉತ್ತರ ಬಂದದ್ದು ಆಸ್ಕರ್ ಮಿಶೋ ಎಂಬ ಕಪ್ಪು ರೈತನಿಂದ. ದಕ್ಷಿಣ ಡಕೋಟದ ಬಯಲಿನಲ್ಲಿ ಉಳುಮೆ ಮಾಡಿಕೊಂಡಿದ್ದ ಆತ ಕಾದಂಬರಿಗಳನ್ನು ಬರೆದು, ಮನೆಮನೆಗೆ ಹೊತ್ತು ಮಾರಿ, ಅದೇ ಜನರಿಂದ ಷೇರು ಎತ್ತಿ 1919ರಲ್ಲಿ ತನ್ನ ಮೊದಲ ಚಿತ್ರವನ್ನು ಮಾಡಿದನು. 1920ರ ‘ವಿಥಿನ್ ಅವರ್ ಗೇಟ್ಸ್’ ಚಿತ್ರದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಘೋರವನ್ನು ನೇರವಾಗಿ ತೋರಿಸಿದನು. ಆ ಚಿತ್ರ ದಶಕಗಳ ಕಾಲ ಕಳೆದೇ ಹೋಗಿತ್ತು. ಮುಂದೆ ಸ್ಪೇನಿನಲ್ಲಿ ಅದರ ಒಂದು ಪ್ರತಿ ದೊರೆತು ಪುನರುದ್ಧಾರವಾಯಿತು.

ಇನ್ನೊಂದು ಪ್ರಸಂಗ ನಮ್ಮ ಸೀಮೆಯವರ ಕಿವಿ ನಿಮಿರಿಸುವಂಥದು. 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಎಂಬಾಕೆ ‘ಗಾನ್ ವಿತ್ ದ ವಿಂಡ್’ ಚಿತ್ರದ ದಾಸಿಯ ಪಾತ್ರಕ್ಕಾಗಿ ಆಸ್ಕರ್ ಪಡೆದಳು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ ಆಕೆ. ಸಮಾರಂಭ ನಡೆದ ಸಭಾಂಗಣದ ಹೆಸರು ‘ಕೋಕನಟ್ ಗ್ರೋವ್’, ಎಂದರೆ ತೆಂಗಿನ ತೋಪು. ಕಪ್ಪು ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವಿಶೇಷ ಅನುಮತಿಯಿಂದ ಒಳಬಂದ ಆಕೆ ಚಿತ್ರದ ಸಹಕಲಾವಿದರೊಡನೆ ಕೂರದೆ ಗೋಡೆಯ ಬದಿಯ ಪ್ರತ್ಯೇಕ ಮೇಜಿನಲ್ಲಿ ಕೂರಬೇಕಾಯಿತು. ಪಂಕ್ತಿಭೇದವನ್ನು ಕಂಡ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈ ಎರಡು ಲೋಕಗಳ ನಂಟು ನಾನು ಕಲ್ಪಿಸಿದ್ದಲ್ಲ. ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಜನರಿಗೆ. ಗ್ರಿಫಿತನ ಚಿತ್ರ ತೆರೆಗೆ ಬಂದ ವರ್ಷ ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1946ರಲ್ಲಿ ಅವರು ಕಪ್ಪು ಜನರ ಧೀಮಂತ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು ಉತ್ತರ ಪಡೆದರು. 1972ರಲ್ಲಿ ಮುಂಬಯಿಯ ತರುಣರು ‘ದಲಿತ ಪ್ಯಾಂಥರ್’ ಎಂಬ ಹೆಸರಿಟ್ಟುಕೊಂಡದ್ದೂ ಅಮೆರಿಕದ ಮಾದರಿಯನ್ನು ಕಂಡೇ.

ಇನ್ನು ನಮ್ಮ ಬೆಳ್ಳಿತೆರೆಯತ್ತ ಬರೋಣ. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ರಂಗಭೂಮಿಯಿಂದ ಬಂದ ಕಥೆ. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಆ ಚಿತ್ರದಲ್ಲಿಯೇ ತಿಪಟೂರಿನವರಾದ ನರಸಿಂಹರಾಜು ಅವರೂ ಹೆಸರಾದರು. 1979ರಲ್ಲಿ ತೀರಿಕೊಳ್ಳುವವರೆಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಜನರನ್ನು ನಗಿಸಿದ ಈ ದೊಡ್ಡ ನಟನಿಗೆ, ಕೃಶವಾದ ಮೈ ಮತ್ತು ಮುಂಚಾಚಿದ ಹಲ್ಲುಗಳ ಕಾರಣದಿಂದ, ಚಿತ್ರರಂಗ ಬಹುಪಾಲು ಹಾಸ್ಯದ ಪಾತ್ರವನ್ನೇ ಕೊಟ್ಟಿತು. ಯಾವ ಮುಖ ಯಾವ ಪಾತ್ರಕ್ಕೆ ಎಂಬುದನ್ನು ತೆರೆ ಮೊದಲೇ ಗೊತ್ತುಮಾಡಿಬಿಟ್ಟಿರುತ್ತದೆ ಎಂಬುದಕ್ಕೆ ಇದು ನಮ್ಮೂರಿನದೇ ನಿದರ್ಶನ.

ಕಣ್ಣಪ್ಪ ತನ್ನ ಕಣ್ಣನ್ನೇ ಕಿತ್ತುಕೊಟ್ಟು ಶಿವನಿಗೆ ಹತ್ತಿರದವನಾದನು. 1960ರ ‘ಭಕ್ತ ಕನಕದಾಸ’ದ ಕಥೆಯಲ್ಲಿ ಉಡುಪಿಯ ಕೃಷ್ಣ ಭಕ್ತನತ್ತ ತಿರುಗಿ ನಿಂತನು. ಭಕ್ತಿಚಿತ್ರಗಳ ಆ ಯುಗದಲ್ಲಿ ಕೆಳಜಾತಿಯವನು ಗೌರವದಿಂದ ತೆರೆಯ ಮೇಲೆ ಬರಬೇಕಾದರೆ ಒಂದು ಪವಾಡ ನಡೆಯಲೇಬೇಕಾಗಿತ್ತು. ಪವಾಡವಿಲ್ಲದ ಕೂಲಿಯವನು, ಜೀತದವನು ಅಲ್ಲಿ ಕಾಣುವುದು ಗುಂಪಿನ ನಡುವೆ, ಮಾತಿಲ್ಲದೆ.

1970ರ ‘ಸಂಸ್ಕಾರ’ ಈ ಬಗೆಯ ಸಮಾಧಾನವನ್ನು ಕಲಕಿತು. ಸೆನ್ಸಾರಿನ ತಡೆಯನ್ನು ದಾಟಿ ಅದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ಅನಂತಮೂರ್ತಿಯವರ ಮೂಲ ಕಾದಂಬರಿಯಲ್ಲಿ ಒಂದು ವಿವರವಿದೆ. ನಾರಣಪ್ಪನ ಹೆಣವನ್ನು ಸುಡುವವರಾರು ಎಂದು ಅಗ್ರಹಾರ ಧರ್ಮಶಾಸ್ತ್ರವನ್ನೆಲ್ಲ ಜಾಲಾಡುತ್ತಿರುವಾಗ, ಹೊಲಗೇರಿಯಲ್ಲಿ ಸತ್ತವರನ್ನು ಗುಡಿಸಿಲಿನೊಡನೆಯೇ ಸುಟ್ಟುಬಿಡುತ್ತಾರೆ. ಆ ಸಾವಿಗೆ ಶಾಸ್ತ್ರವೂ ಇಲ್ಲ, ಚರ್ಚೆಯೂ ಇಲ್ಲ. ಲೇಖಕರು ಅದನ್ನು ತಿಳಿದೇ ಇಟ್ಟಿದ್ದಾರೆ. ಆದರೂ ಕಥೆ ಆಚಾರ್ಯರದೇ.

ಆ ಗುಡಿಸಿಲಿನ ಒಳಗೆ ಕ್ಯಾಮೆರಾ ಹೊಕ್ಕದ್ದು 1975ರ ‘ಚೋಮನ ದುಡಿ’ಯಲ್ಲಿ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು ನಿರ್ದೇಶಿಸಿದರು, ಚಿತ್ರಕ್ಕೆ ಸ್ವರ್ಣಕಮಲವೂ ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಸಂದವು. ಚೋಮನಿಗೆ ಎತ್ತುಗಳಿವೆ, ಉಳುವ ಹಕ್ಕಿಲ್ಲ. ಸಾಲ ತೀರಿಸಲು ತೋಟಕ್ಕೆ ಹೋದ ಮಗ ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ಮಗ ನೀರಿನಲ್ಲಿ ಮುಳುಗುವಾಗ ಮೇಲುಜಾತಿಯವರ ಕೈ ಮುಂದೆ ಬರುವುದಿಲ್ಲ. ಕೊನೆಗೆ ಚೋಮ ಗುಡಿಸಿಲಿನಲ್ಲಿ ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಚಿತ್ರ ಬಂದ ಕಾಲವನ್ನು ಗಮನಿಸಬೇಕು. ಕರ್ನಾಟಕದ ಭೂಸುಧಾರಣೆಯ ಪ್ರಸಿದ್ಧ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಎಲ್ಲೆಲ್ಲೂ ಕೇಳುತ್ತಿತ್ತು. ಆದರೆ ಆ ಕಾನೂನು ನೆಲ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲ, ಜೀತದಾಳು. ಪ್ರೇಕ್ಷಕರು ಕಣ್ಣೀರು ಒರೆಸಿಕೊಂಡು ಹೊರಬಂದಾಗ ಹೊರಗೆ ನಿಜವಾದ ಚೋಮನಿಗೆ ಇನ್ನೂ ನೆಲವಿರಲಿಲ್ಲ. ನಾನು ಈ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಹೆಚ್ಚಿನ ವಿದ್ಯಾರ್ಥಿಗಳು ‘ಕರುಣರಸ’ ಎಂದು ಬರೆದು ಅಂಕ ಪಡೆಯುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಚೋಮ ಯಾಕೆ ಯಾರಿಗೂ ಎದುರು ಮಾತಾಡೋದಿಲ್ಲ?” ಎಂದು ಕೇಳಿದನು. ಕರುಣೆಯಿಂದ ನೋಡುವವರಿಗೆ ಈ ಪ್ರಶ್ನೆ ಏಳುವುದಿಲ್ಲ. ಚೋಮನ ಜಾಗದಲ್ಲಿ ನಿಂತವನಿಗೆ ಏಳುತ್ತದೆ. ಎರಡು ಕೃತಿಗಳ ದೊಡ್ಡತನವನ್ನು ನಾನು ಕಡಿಮೆ ಮಾಡುತ್ತಿಲ್ಲ. ಕೊನೆಯವರೆಗೂ ಚೋಮನಿಗಿರುವ ಭಾಷೆ ದುಡಿಯೊಂದೇ ಎಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ.

ಅದೇ ವರ್ಷ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಿತು. ಸಾಹಿತ್ಯದಲ್ಲಿ ಚೋಮನ ಮಕ್ಕಳು ತಮ್ಮ ಮಾತನ್ನು ತಾವೇ ಆಡತೊಡಗಿದರು. ಸಿನಿಮಾದಲ್ಲಿ ಅದು ಅಷ್ಟು ಬೇಗ ಆಗಲಿಲ್ಲ. ಕಾರಣ ಗಹನವಾದುದೇನಲ್ಲ. ಕವಿತೆಗೆ ಕಾಗದ ಸಾಕು. ಸಿನಿಮಾಕ್ಕೆ ಬಂಡವಾಳ, ಯಂತ್ರ, ಹಂಚಿಕೆದಾರ, ಚಿತ್ರಮಂದಿರ ಎಲ್ಲವೂ ಬೇಕು. ಮಿಶೋ ಪುಸ್ತಕ ಹೊತ್ತು ಮಾರಿದ್ದರ ಅರ್ಥ ನಮಗೆ ಇಲ್ಲಿ ಆಗುತ್ತದೆ.

ಕರ್ನಾಟಕದಲ್ಲಿಯೇ ಆಫ್ರಿಕ ಮೂಲದ ಜನರೂ ಇದ್ದಾರೆ. ಗುಲಾಮರಾಗಿ ಈ ನಾಡಿಗೆ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲದ ಕಾಡುಗಳಲ್ಲಿ ನೆಲೆಸಿ ಕನ್ನಡ, ಕೊಂಕಣಿಗಳನ್ನು ಆಡುತ್ತಾರೆ. ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲಿ ಇವರೊಡನೆ ರಂಗಭೂಮಿಯ ಕೆಲಸ ಮಾಡಿತು. ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿ ಸಿದ್ದಿಗಳ ಅಭಿನಯದಲ್ಲಿ ಕನ್ನಡ ನಾಟಕವಾಯಿತು. ಅದೇ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ದಿಂದ ಮೊದಲುಗೊಂಡು ಅನೇಕ ಚಿತ್ರಗಳಲ್ಲಿ ಕಾಣಿಸಿಕೊಂಡರು. ಮುಖ ತೆರೆಯ ಮೇಲೆ ಬಂದಿದೆ, ಸಂತೋಷ. ಪಾತ್ರಗಳು ಹೆಚ್ಚಾಗಿ ಪೋಷಕವಾಗಿಯೇ ಉಳಿದಿವೆ ಎಂಬುದನ್ನೂ ಕಾಣಬೇಕು.

ನೆರೆಯ ಮರಾಠಿಯಲ್ಲಿ ನಾಗರಾಜ ಮಂಜುಳೆಯವರು 2013ರಲ್ಲಿ ‘ಫಂಡ್ರಿ’ ಮಾಡಿದರು. ಅಲ್ಲಿಯೂ ಒಂದು ಚರ್ಮವಾದ್ಯವಿದೆ, ಹಲಗೆ. ಆದರೆ ಆ ಹುಡುಗ ಗುಡಿಸಿಲಲ್ಲಿ ಸಾಯುವುದಿಲ್ಲ. ಕೊನೆಯಲ್ಲಿ ಕಲ್ಲೊಂದನ್ನು ಬೀಸಿ ಎಸೆಯುತ್ತಾನೆ, ಅದು ನೇರವಾಗಿ ನೋಡುಗನತ್ತ ಬರುತ್ತದೆ. ಅವರದೇ ‘ಸೈರಾಟ್’ 2017ರಲ್ಲಿ ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ಬಂದಿತು. ಕಥೆಯನ್ನು ಎರವಲು ತರಬಹುದು, ಅನುಭವವನ್ನು ತರಲಾಗದು.

ಅಮೆರಿಕದಲ್ಲಿ 1973ರಷ್ಟು ಹಿಂದೆಯೇ ಡೊನಾಲ್ಡ್ ಬೋಗಲ್ ಎಂಬ ವಿದ್ವಾಂಸ ಕಪ್ಪು ಪಾತ್ರಗಳನ್ನೆಲ್ಲ ಪರಿಶೀಲಿಸಿ, ವಿಧೇಯ ಸೇವಕ, ವಿದೂಷಕ, ದಾದಿ ಮುಂತಾಗಿ ಅವು ಐದೇ ಅಚ್ಚುಗಳಲ್ಲಿ ಎರಕಗೊಂಡಿವೆ ಎಂದು ಗ್ರಂಥವನ್ನೇ ಬರೆದನು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರದು. ಅಂದಿನಿಂದ ಇಂದಿನವರೆಗೆ ನಮ್ಮ ತೆರೆಯ ಮೇಲೆ ತಮಟೆ ಹೊಡೆದವರು, ಜೀತ ಮಾಡಿದವರು, ಬಾಗಿಲ ಹೊರಗೆ ನಿಂತವರು ಯಾರು, ಅವರಿಗೆ ಎಷ್ಟು ಮಾತು ಸಿಕ್ಕಿತು ಎಂದು ಅಂಥದೇ ಶ್ರದ್ಧೆಯಿಂದ ಲೆಕ್ಕ ಹಾಕಬೇಕಾಗಿದೆ. ಇದಕ್ಕೆ ದೊಡ್ಡ ಪ್ರಯೋಗಶಾಲೆಯೇನೂ ಬೇಡ. ನಮ್ಮ ತಾಲ್ಲೂಕುಗಳ ಕಾಲೇಜಿನ ಕನ್ನಡ ವಿದ್ಯಾರ್ಥಿಗಳು ಹಳೆಯ ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಈ ಕೆಲಸವನ್ನು ಆರಂಭಿಸಬಹುದು. ಆ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯಿಂದಲೇ ಶುರುಮಾಡಿದರೆ ಇನ್ನೂ ಒಳ್ಳೆಯದು.