ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ)

ಟೂಲ್ ಅಂಡ್ ಡೈ ತಯಾರಕರನ್ನು ರೂಪಿಸುವ ಕರ್ನಾಟಕದ ಸರ್ಕಾರಿ ಸಂಸ್ಥೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಪ್ರಧಾನ ಕೇಂದ್ರ ರಾಜಾಜಿನಗರ ಕೈಗಾರಿಕಾ ಬಡಾವಣೆಯಲ್ಲಿದೆ; ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದೆಡೆ ಶಾಖೆಗಳಿವೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಮೂರು ವರ್ಷ ಸಂಸ್ಥೆಯಲ್ಲಿ ಕಲಿಕೆ, ಬಳಿಕ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಡೈ ಎಂದರೆ ಲೋಹದ ಹಾಳೆಯನ್ನು ಪ್ರೆಸ್‌ನಲ್ಲಿ ಕತ್ತರಿಸಿ ಆಕಾರ ಕೊಡುವ ಉಕ್ಕಿನ ಸಾಧನ. ಪ್ಲಾಸ್ಟಿಕ್ ವಸ್ತುವಿಗೆ ರೂಪ ಕೊಡುವುದು ಮೋಲ್ಡ್. ಇವುಗಳಲ್ಲಿನ ಸಣ್ಣ ದೋಷವೂ ಮುಂದೆ ತಯಾರಾಗುವ ಸಾವಿರಾರು ಬಿಡಿಭಾಗಗಳಲ್ಲಿ ಮರುಕಳಿಸುತ್ತದೆ. ಆದ್ದರಿಂದಲೇ ಕಲಿಕೆಯಲ್ಲಿ ಅಳತೆಗೆ ಮೊದಲ ಸ್ಥಾನ. ವಿದ್ಯಾರ್ಥಿ ಮೊದಲು ಅರ ಹಿಡಿದು ಉಕ್ಕಿನ ತುಂಡನ್ನು ಸಮತಟ್ಟಾಗಿಸುತ್ತಾನೆ. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಮೈಕ್ರೋಮೀಟರಿನಲ್ಲಿ ಓದಲು ಕಲಿಯುತ್ತಾನೆ. ನಂತರ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಮತ್ತು ಸಿಎನ್‌ಸಿ ಯಂತ್ರಗಳು. ಶಾಖಸಂಸ್ಕಾರದಿಂದ ಗಡುಸಾದ ಉಕ್ಕನ್ನು ವಿದ್ಯುತ್ ಕಿಡಿಗಳಿಂದ ಕೊರೆಯುವ ಇಡಿಎಂ ಯಂತ್ರವೂ ಪಾಠದ ಭಾಗ.

ಉಪಕರಣಾಗಾರವು ಕೈಗಾರಿಕೆಗಳ ಕೆಲಸವನ್ನೂ ಮಾಡಿಕೊಡುತ್ತದೆ. ಹೀಗಾಗಿ ಓದು ಮತ್ತು ಉತ್ಪಾದನೆ ಒಂದೇ ಸೂರಿನಡಿ ನಡೆಯುವುದು ಈ ಸಂಸ್ಥೆಯ ನಿಜವಾದ ಬಲ.