ಜೇಡಿಮಣ್ಣಿನ ಬಿರುಕು

ನೀರುಂಡ ಜೇಡಿಮಣ್ಣು ಒಣಗಿ ಕುಗ್ಗುವಾಗ ಮೇಲ್ಮೈಯಲ್ಲಿ ಮೂಡಿ ಆಳಕ್ಕಿಳಿಯುವ ಸೀಳುಗಳನ್ನು ಜೇಡಿಮಣ್ಣಿನ ಬಿರುಕು ಎನ್ನುತ್ತಾರೆ. ಕರ್ನಾಟಕದಲ್ಲಿ ಇದು ಎದ್ದು ಕಾಣುವುದು ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆಭೂಮಿಯಲ್ಲಿ.

ಕಾರಣ

ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ಅವುಗಳ ನಡುವಿನ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗತೊಡಗಿದಾಗ, ಉಳಿದ ನೀರು ತನ್ನ ಮೇಲ್ಮೈ ಎಳೆತದಿಂದ ಕಣಗಳನ್ನು ಪರಸ್ಪರ ಹತ್ತಿರಕ್ಕೆ ಸೆಳೆಯುತ್ತದೆ. ರಂಧ್ರ ಕಿರಿದಾದಷ್ಟೂ ಸೆಳೆತ ಹೆಚ್ಚು. ಆದರೆ ಕುಗ್ಗುವುದಷ್ಟೇ ಬಿರುಕಿಗೆ ಸಾಲದು. ಮೇಲ್ಪದರವು ಮೊದಲು ಒಣಗಿ ಕುಗ್ಗಲು ಹೊರಟಾಗ ಕೆಳಗಿನ ಹಸಿಮಣ್ಣು ಅದನ್ನು ತಡೆಹಿಡಿಯುತ್ತದೆ. ಈ ಜಗ್ಗಾಟವನ್ನು ಮಣ್ಣು ತಾಳಲಾರದ ಕಡೆ ಸೀಳು ಬಿಡುತ್ತದೆ. ಎಲ್ಲ ಕಡೆಯಿಂದ ಸಮನಾಗಿ, ನಿಧಾನವಾಗಿ ಒಣಗುವ ಮಣ್ಣು ಬಿರಿಯದೆಯೇ ಕಿರಿದಾಗಬಲ್ಲದು. ಕುಂಬಾರರು ಹಸಿ ಮಡಕೆಯನ್ನು ನೆರಳಿನಲ್ಲಿ ಆರಿಸುವುದು ಇದಕ್ಕಾಗಿಯೇ.

ಖನಿಜಭೇದ

ಎಲ್ಲ ಜೇಡಿಯೂ ಒಂದೇ ಬಗೆಯದಲ್ಲ. ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ವರ್ಗದ ಖನಿಜಗಳ ಪದರಗಳು ಸಡಿಲವಾಗಿ ಬೆಸೆದುಕೊಂಡಿದ್ದು, ನೀರು ಅವುಗಳ ನಡುವೆಯೇ ನುಗ್ಗುತ್ತದೆ. ಹೀಗೆ ಬಹಳ ಉಬ್ಬಿದ ಮಣ್ಣು ಬಹಳವೇ ಕುಗ್ಗುತ್ತದೆ. ಬೆಂಗಳೂರಿನ ದಕ್ಷಿಣಕ್ಕಿರುವ ಕೋಣನಕುಂಟೆಯ ಸುತ್ತಿನ ಕೆಮ್ಮಣ್ಣಿನಲ್ಲಿ ಪ್ರಧಾನವಾದುದು ಕೆಯೊಲಿನೈಟ್. ಅದರ ಪದರಗಳ ನಡುವೆ ನೀರಿಗೆ ಎಡೆಯಿಲ್ಲ. ಇಲ್ಲಿ ಬಿರುಕನ್ನು ನೋಡಬೇಕಾದರೆ ನುಣ್ಣನೆಯ ಹೂಳು ತಂಗಿದ ಕೆರೆಯಂಗಳಕ್ಕೇ ಹೋಗಬೇಕು. ನೀರು ಬತ್ತಿದಾಗ ಆ ಹೂಳು ಬಿಲ್ಲೆ ಬಿಲ್ಲೆಯಾಗಿ ಒಡೆದು, ಅಂಚುಗಳು ಮೇಲಕ್ಕೆ ಸುರುಳಿಗೊಳ್ಳುವುದುಂಟು.

ಬೇಸಾಯದಲ್ಲಿ

ಎರೆಭೂಮಿಯ ಹಿಂಗಾರಿ ಜೋಳ ಮತ್ತು ಕಡಲೆ ಬಹುಪಾಲು ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತವೆ. ನೆಲ ಬಿರಿದರೆ ಆಳದ ಮಣ್ಣಿಗೂ ಗಾಳಿ ತಗಲಿ ತೇವ ಆರುತ್ತದೆ, ಬೇರುಗಳು ಹರಿಯುತ್ತವೆ. ಆದುದರಿಂದ ರೈತರು ಕಳೆಯಿಲ್ಲದಿದ್ದರೂ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆಕುಂಟೆ ಹೊಡೆಯುತ್ತಾರೆ; ಸಡಿಲಗೊಂಡ ಪುಡಿಮಣ್ಣು ಬಿರುಕಿನ ಬಾಯಿಯನ್ನು ಮುಚ್ಚುತ್ತದೆ. (ಇದು ಉಳುಮೆಯ ಕುಂಟೆ, ಊರಹೆಸರುಗಳ ಕೊನೆಯಲ್ಲಿ ಬರುವ ‘ಕುಂಟೆ’ಗೆ ಸಾಮಾನ್ಯವಾಗಿ ಸಣ್ಣ ಕೆರೆ ಎಂದರ್ಥ.)

ಬಿರುಕಿನಿಂದ ಕೇಡು ಮಾತ್ರವೆಂದು ತಿಳಿಯಬಾರದು. ಮೊದಲ ಮಳೆಯ ನೀರು ಅದರ ಮೂಲಕವೇ ಬೇಗನೆ ಆಳಕ್ಕಿಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಬಿರುಕಿನೊಳಗೆ ಉದುರುವ ಮೇಲ್ಮಣ್ಣಿನಿಂದ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ ಎಂಬ ಕಲ್ಪನೆಯಿಂದ ಇಂತಹ ಮಣ್ಣಿಗೆ ‘ವರ್ಟಿಸಾಲ್’ ಎಂಬ ಹೆಸರು ಬಂದಿದೆ. ಲ್ಯಾಟಿನ್ ಮೂಲದ ಅರ್ಥ ‘ತಿರುಗಿಸು’.

ಕಟ್ಟಡಗಳಲ್ಲಿ

ಎರೆಮಣ್ಣಿನ ಮೇಲೆ ಆಳವಿಲ್ಲದ ತಳಪಾಯ ಹಾಕಿದರೆ, ನೆಲದ ಏರಿಳಿತಕ್ಕೆ ಗೋಡೆಗಳೂ ಸೀಳುತ್ತವೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬಳಕೆಗೆ ತಂದ, ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ತೇವ ಹೆಚ್ಚು ಬದಲಾಗದ ಆಳಕ್ಕೆ, ಸಾಮಾನ್ಯವಾಗಿ ಸುಮಾರು 3.5 ಮೀಟರಿಗೆ, ಇಳಿಸುತ್ತಾರೆ.