ತಕ್ಕಡಿಗೆ ಕಾಣದ ಸೊರಗು

ಎತ್ತು ಕೊಳ್ಳುವ ರೈತ ಹೊಟ್ಟೆ ನೋಡಿ ಬೆಲೆ ಕಟ್ಟೋದಿಲ್ಲ. ನೀರು ಕುಡಿಸಿದರೆ ಯಾವ ಎತ್ತಿನ ಹೊಟ್ಟೆಯಾದರೂ ತುಂಬಿದಂಗೆ ಕಾಣ್ತದೆ. ಬೆನ್ನು, ತೊಡೆ ಒತ್ತಿ ನೋಡ್ತಾನೆ. ನೇಗಿಲು ಎಳೆಯೋದು ಅಲ್ಲಿನ ಮಾಂಸಖಂಡ. ಮನುಷ್ಯರ ಕಾಯಿಲೆಯಲ್ಲಿ ಮಾತ್ರ ಬಹಳ ಕಾಲ ತಕ್ಕಡಿಯನ್ನೇ ನಂಬಿದೆವು.

ಕ್ಯಾನ್ಸರು ಬಂದವರಲ್ಲಿ ಮಾಂಸಖಂಡ ಒಳಗಿಂದೊಳಗೇ ಕರಗಬಹುದು. ಕೊಬ್ಬೋ, ಬಾವಿನ ನೀರೋ ಅದನ್ನು ಮುಚ್ಚಿಡ್ತದೆ. ನನ್ನ ಹಾಡಿಗೆ ಉರುಮೆ ಬಾರಿಸ್ತಿದ್ದ ಭಾವನಿಗೆ ಹಂಗೇ ಆಯ್ತು. ತೂಕ ಇಳಿಯಲಿಲ್ಲ, ಕಾಲು ಊದಿತ್ತು, ಕೈಗೆ ಉರುಮೆ ಎತ್ತಲಾಗಲಿಲ್ಲ. ‘ಮೈ ಚೆನ್ನಾಗೈತೆ’ ಅಂತ ಊರವರೆಲ್ಲ ಹೇಳಿದರು.

ಒಳಗನ್ನು ನೋಡುವ ದಾರಿ ನಿಧಾನಕ್ಕೆ ತೆರೆಯಿತು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಅದರಲ್ಲಿ ಮೂಳೆ ಚೆನ್ನಾಗಿ ಕಂಡಿತು, ಮಾಂಸಖಂಡ ಬರೀ ನೆರಳು. ಆಮೇಲೆ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಬಂದರು. ಅವರು ಹೊಲದ ಮನೆಯಲ್ಲಿ ಬೆಳೆದ ರೈತನ ಮಗ. ಅವರ ಸಿ.ಟಿ. ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದಂಗೆ, ಚಾಕು ಮುಟ್ಟಿಸದೆ ದೇಹದ ಒಂದೊಂದು ಬಿಲ್ಲೆ ತೋರಿಸೋ ಯಂತ್ರ ಅದು. 1979ರಲ್ಲಿ ಕಾರ್ಮ್ಯಾಕ್ ಎಂಬುವರ ಜೊತೆ ಅವರಿಗೆ ನೊಬೆಲ್ ಬಂತು.

ಅವರ ಹೆಸರಿನ ಅಳತೆಯಲ್ಲಿ ನೀರಿಗೆ ಸೊನ್ನೆ. ಕೊಬ್ಬು ಸೊನ್ನೆಗಿಂತ ಕೆಳಗೆ, ಮಾಂಸಖಂಡ ಹೆಚ್ಚಾಗಿ ಮೇಲೆ. ಹೀಗೆ ಎರಡನ್ನೂ ಬೇರೆ ಮಾಡಬಹುದು. ಸೊಂಟದ ಮೂರನೇ ಮೂಳೆಯ ಮಟ್ಟದ ಒಂದು ಬಿಲ್ಲೆಯಲ್ಲಿ ಮಾಂಸಖಂಡ ಎಷ್ಟು ಚದರ ಸೆಂಟಿಮೀಟರ್ ಐತೆ ಅಂತ ಅಳೆದರೆ ಇಡೀ ಮೈಯದು ಅಂದಾಜಾಗ್ತದೆ. ಒಂದು ಹಿಡಿ ಭತ್ತ ನೋಡಿ ರಾಶಿಯ ಕಾಳು ಹೇಳಿದಂಗೆ.

2008ರಲ್ಲಿ ಕೆನಡಾದ ಆಲ್ಬರ್ಟಾದ ಸಂಶೋಧಕರು ದಪ್ಪ ಮೈಯ 250 ಕ್ಯಾನ್ಸರ್ ರೋಗಿಗಳ ಇಂಥ ಚಿತ್ರ ಅಳೆದರು. ಮಾಂಸಖಂಡ ತೀರಾ ಕಡಿಮೆ ಇದ್ದವರು ಬೇಗ ತೀರಿಕೊಂಡಿದ್ದರು. ಔಷಧದ ಪ್ರಮಾಣವನ್ನೂ ಹೆಚ್ಚಾಗಿ ಎತ್ತರ, ತೂಕ ನೋಡಿಯೇ ಲೆಕ್ಕ ಹಾಕ್ತಾರೆ. ಒಳಗೆ ಸೊರಗಿದ ಮೈಗೆ ಅದು ಭಾರವಾಗಬಹುದು.

ಬತ್ತಲಗುಂಡಿನ ನಾವು ಮದುರೆಗೋ, ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಚೆನ್ನೈನ ಅಡೆಯಾರಿನಲ್ಲಿ ಶುರುಮಾಡಿದ ಕ್ಯಾನ್ಸರ್ ಆಸ್ಪತ್ರೆಗೋ ಹೋಗ್ತೇವೆ. ಗಡ್ಡೆ ನೋಡಲು ಹೊಟ್ಟೆಯ ಸಿ.ಟಿ. ತೆಗೆದಿದ್ದರೆ, ಮಾಂಸಖಂಡದ ಲೆಕ್ಕವೂ ಅದರಲ್ಲೇ ಐತೆ. ಬೇರೆ ಚಿತ್ರ ಬೇಕಿಲ್ಲ. ಅದಕ್ಕೇ ಹಳೇ ಫಿಲ್ಮು, ಸಿ.ಡಿ. ಎಸೀಬೇಡಿ. ಕೂತಲ್ಲಿಂದ ಏಳಲು ಕೈ ಊರಬೇಕಾಯ್ತು, ಬಿಂದಿಗೆ ಎತ್ತಲಾಗಲಿಲ್ಲ ಅನ್ನೋದನ್ನ ತೂಕದ ಜೊತೆಗೇ ಡಾಕ್ಟರಿಗೆ ಹೇಳಿ. ಏನು ತಿನ್ನಬೇಕು, ಎಷ್ಟು ನಡೀಬೇಕು ಅಂತ ಆಗಲೇ ಕೇಳಿ. ಮೈಯೆಲ್ಲ ಕರಗಿದ ಮೇಲೆ ಕೇಳೋದು, ಬೆಳೆ ಒಣಗಿದ ಮೇಲೆ ಬಾವಿ ತೋಡಿದಂಗೆ.